ಖಾರ ಎಲ್ಲಿ ಹತ್ತುತ್ತದೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಚಿಕ್ಕಮಗಳೂರು ಸಂತೆಯಲ್ಲಿ ಎದುರಾಗುವ ಪರಿಚಯದವರ ಬಾಯಲ್ಲೂ ಈಚೆಗೆ ಒಂದೇ ಪ್ರಶ್ನೆ. ಹಬನೇರೊ ಮೆಣಸಿನಕಾಯಿಯಲ್ಲಿ ಯಾವುದು ಜಾಸ್ತಿ ಖಾರ ಮಾರಾಯ್ರೇ, ಕಿತ್ತಳೆ ಬಣ್ಣದ್ದೋ ಕೆಂಪೋ? ಚಾಕೊಲೇಟ್ ಬಣ್ಣದ್ದು ನಾಲಗೆ ಸುಟ್ಟುಬಿಡುತ್ತದಂತಲ್ಲ, ಹೌದಾ? ಕೈಮರದ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿಯವರೆಗೆ ಗಿರಿ ರಸ್ತೆಯಲ್ಲಿ ಬನ್ನಿ. ಹೋಂಸ್ಟೇ ಇಟ್ಟವರ ಅಂಗಳದಲ್ಲಿ, ತೋಟದ ರೈಟರ ಮನೆಯ ಹಿಂದೆ, ಕಾಫಿ ಸಸಿ ಮಾಡುವ ಕಪ್ಪು ಪಾಲಿಥೀನ್ ಚೀಲಗಳಲ್ಲಿ ಈ ಗಿಡ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತದೆ. ಕಾಯಿಯ ಬುಡ ಅಗಲ, ತುದಿ ಚೂಪು, ಮೈಯೆಲ್ಲ ಸುಕ್ಕು. ಕಾಯಿ ಬಿಟ್ಟ ಮೇಲೆ ಮನೆಯವರಿಗೆ ಏನು ಮಾಡುವುದೆಂದು ತೋಚುವುದಿಲ್ಲ, ಬಂದ ನೆಂಟರಿಗೆ ತೋರಿಸಿ ಹೆದರಿಸುತ್ತಾರೆ ಅಷ್ಟೆ. ಹೆದರಿಸಲು ಅಂಕಿ ಬೇಕಲ್ಲ, ಅದಕ್ಕೇ ಈ ಪ್ರಶ್ನೆ ಇರಬೇಕು. ಇರಲಿ, ನಾವೂ ಅಂಕಿಯಿಂದಲೇ ಶುರು ಮಾಡೋಣ.

1912ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಪಾರ್ಕ್ ಡೇವಿಸ್ ಎಂಬ ಔಷಧ ಕಂಪನಿಯಲ್ಲಿದ್ದ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ಖಾರ ಅಳೆಯಲು ಒಂದು ದಾರಿ ಹುಡುಕಿದ. ಕಾಯಿಯ ಸಾರ ತೆಗೆದು ಸಕ್ಕರೆ ನೀರಿನಲ್ಲಿ ಬೆರೆಸುವುದು, ರುಚಿ ನೋಡುವವರಿಗೆ ಖಾರ ಗೊತ್ತೇ ಆಗದಷ್ಟು ತೆಳುವಾಗುವ ತನಕ ನೀರು ಸೇರಿಸುತ್ತಲೇ ಹೋಗುವುದು. ಎಷ್ಟು ಪಾಲು ನೀರು ಬೇಕಾಯಿತೋ ಅದೇ ಸ್ಕೋವಿಲ್ ಅಂಕಿ. ಈಗ ಈ ಕೆಲಸವನ್ನು ಯಂತ್ರ ಮಾಡುತ್ತದೆ. ಕಾಯಿಯಲ್ಲಿ ಕ್ಯಾಪ್ಸೈಸಿನ್ ಮತ್ತು ಅದರ ದಾಯಾದಿ ರಾಸಾಯನಿಕಗಳು ಹತ್ತು ಲಕ್ಷದಲ್ಲಿ ಎಷ್ಟು ಪಾಲು ಇವೆಯೆಂದು ಅಳೆದು, ಅದನ್ನು ಸುಮಾರು 16ರಿಂದ ಗುಣಿಸಿ ಹಳೆಯ ಅಂಕಿಗೆ ಹೊಂದಿಸುತ್ತಾರೆ. ಈ ಲೆಕ್ಕದಲ್ಲಿ ಗುಂಟೂರು ಮೆಣಸಿನಕಾಯಿ 35ರಿಂದ 40 ಸಾವಿರ. ನಮ್ಮ ಸೂಜಿಮೆಣಸು 50 ಸಾವಿರದಿಂದ 1 ಲಕ್ಷ. ಹಬನೇರೊ 1 ಲಕ್ಷದಿಂದ ಮೂರೂವರೆ ಲಕ್ಷ. ಇದನ್ನು ಓದಿದವರು ಸೂಜಿಮೆಣಸಿಗಿಂತ ಮೂರು ಪಟ್ಟು ಖಾರ ಎಂದು ಕಣ್ಣರಳಿಸುತ್ತಾರೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಯಂತ್ರ ಅಳೆಯುವುದು ಒಣಗಿಸಿ ಪುಡಿ ಮಾಡಿದ ಕಾಯನ್ನು. ಹಸಿ ಹಬನೇರೊದ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ನೀರೇ ಇರುತ್ತದೆ. ಡಬ್ಬಿಯಲ್ಲಿರುವ ಗುಂಟೂರು ಖಾರದ ಪುಡಿಯನ್ನೂ ಗಿಡದಿಂದ ಈಗ ಕೊಯ್ದ ಹಬನೇರೊವನ್ನೂ ಅಂಕಿಯಲ್ಲಿ ತೂಗಿ ನೋಡಿದರೆ ಲೆಕ್ಕ ತಪ್ಪುವುದು ಖಂಡಿತ. ಒಂದು ಚಮಚ ಪುಡಿಯಲ್ಲಿ ಎಷ್ಟೋ ಕಾಯಿಗಳ ಖಾರ ಕೂತಿರುತ್ತದೆ. ಎರಡನೆಯ ತೊಡಕು ಇನ್ನೂ ಸ್ವಾರಸ್ಯದ್ದು. ರೆಡ್ ಸವಿನಾ ಎಂಬ ಕೆಂಪು ಹಬನೇರೊ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ಹಬನೇರೊ ಹೊಲದ ನಡುವೆ ಸಿಕ್ಕ ಒಂದು ಕೆಂಪು ಕಾಯಿಯಿಂದ ಬೆಳೆಸಿದ ತಳಿ ಅದು. 1994ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಗಿನ್ನೆಸ್ ಪುಸ್ತಕದಲ್ಲಿ ಮೆರೆಯಿತು, 5,77,000ದ ಅಂಕಿಯೊಂದಿಗೆ. ಆಮೇಲೆ ನ್ಯೂ ಮೆಕ್ಸಿಕೊ ರಾಜ್ಯ ವಿಶ್ವವಿದ್ಯಾಲಯದ ಪಾಲ್ ಬೋಸ್ಲಂಡ್ ಮತ್ತು ಅವರ ಸಂಗಡಿಗರು ಇದನ್ನೂ ಸಾಧಾರಣ ಕಿತ್ತಳೆ ಹಬನೇರೊವನ್ನೂ ನಮ್ಮ ಅಸ್ಸಾಮಿನ ಭೂತ್ ಜೊಲೊಕಿಯಾವನ್ನೂ ಒಂದೇ ನೆಲದಲ್ಲಿ ಅಕ್ಕಪಕ್ಕ ಬೆಳೆಸಿ ಅಳೆದರು. ಭೂತ್ ಜೊಲೊಕಿಯಾ 10,01,304 ಬಂತು, 2007ರಲ್ಲಿ ಗಿನ್ನೆಸ್ ದಾಖಲೆಯೂ ಅದಕ್ಕೇ ಹೋಯಿತು. ಆ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂತು. ಸುದ್ದಿಯಾಗದೆ ಉಳಿದದ್ದು ಉಳಿದೆರಡು ಅಂಕಿ: ಕಿತ್ತಳೆ ಹಬನೇರೊ 3,57,729, ರೆಡ್ ಸವಿನಾ 2,48,556. ಒಂದೇ ಮಣ್ಣು, ಒಂದೇ ನೀರು ಕೊಟ್ಟಾಗ ದಾಖಲೆಯ ಕೆಂಪು ಸಂತೆಯ ಕಿತ್ತಳೆಗಿಂತ ಸಪ್ಪೆಯಾಯಿತು.

ಹಾಗಾಗಿ ಬೀಜದ ಪೊಟ್ಟಣದ ಮೇಲೆ ಅಚ್ಚಾದ ಅಂಕಿಯನ್ನು ನಾನು ನಂಬುವುದಿಲ್ಲ. ಅದು ಎಲ್ಲೋ ಒಂದು ಹೊಲದಲ್ಲಿ, ಯಾವುದೋ ಒಂದು ವರ್ಷ ಬಂದ ಲೆಕ್ಕ. ಅದಕ್ಕಿಂತ ಮುಖ್ಯವಾಗಿ, ಅಂಕಿ ಸರಿಯಿದ್ದರೂ ಅದರಿಂದ ಅಡುಗೆಮನೆಗೆ ಏನೂ ಉಪಯೋಗವಿಲ್ಲ. ಇದನ್ನು ಕಾಫಿ ಬೆಳೆಯುವ ಊರಿನವರಿಗೆ ನಾನು ಹೇಳಿಕೊಡಬೇಕೆ? ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇದೆ. ಹಾಗೆಂದು ಯಾರಾದರೂ ರೊಬಸ್ಟಾಕ್ಕೆ ಎರಡು ಪಟ್ಟು ಬೆಲೆ ಕೊಟ್ಟಿದ್ದಾರೆಯೇ? ಲೋಟ ಮೂಗಿನ ಹತ್ತಿರ ಬಂದಾಗ ಏನು ಬಂತು, ನಾಲಗೆಯ ಯಾವ ಭಾಗದಲ್ಲಿ ಹುಳಿ ತಾಗಿತು, ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು ಎಂದು ನೋಡುತ್ತೇವೆ. ಮೆಣಸಿನಕಾಯಿಯನ್ನೂ ಹಾಗೇ ನೋಡಬೇಕು ಅನ್ನುವುದಷ್ಟೇ ನನ್ನ ವಾದ.

ಇದು ನನ್ನೊಬ್ಬನ ಹಟವೂ ಅಲ್ಲ. ಅದೇ ಬೋಸ್ಲಂಡ್ ಖಾರವನ್ನು ಐದು ಬಗೆಯಲ್ಲಿ ವಿವರಿಸಬೇಕೆಂದು ಹೇಳುತ್ತ ಬಂದವರು. ಖಾರ ಕೂಡಲೇ ಹತ್ತುತ್ತದೋ ತಡೆದು ಹತ್ತುತ್ತದೋ. ಬಂದದ್ದು ಎಷ್ಟು ಹೊತ್ತು ನಿಲ್ಲುತ್ತದೆ. ತುಟಿಯಲ್ಲೋ, ನಾಲಗೆಯ ತುದಿಯಲ್ಲೋ, ಅಂಗುಳದಲ್ಲೋ, ಗಂಟಲಿನಲ್ಲೋ. ಸೂಜಿ ಚುಚ್ಚಿದಂತೋ, ಬಳಿದುಬಿಟ್ಟಂತೋ. ಇವೆಲ್ಲ ಆದ ಮೇಲೆ ಐದನೆಯದು, ಎಷ್ಟು ಖಾರ. ಹೀಗೆ ಬೇರೆ ಬೇರೆ ಅನಿಸಲು ಕಾರಣವಿದೆ. ಖಾರ ಕೊಡುವುದು ಕ್ಯಾಪ್ಸೈಸಿನ್ ಒಂದೇ ಅಲ್ಲ. ಡೈಹೈಡ್ರೊಕ್ಯಾಪ್ಸೈಸಿನ್, ನಾರ್‌ಡೈಹೈಡ್ರೊಕ್ಯಾಪ್ಸೈಸಿನ್ ಎಂದು ಅದರ ಬಳಗವೇ ಇದೆ. ಕೆಲವು ಬಾಯಿಯ ಮುಂಭಾಗದಲ್ಲಿ ಹಿತವಾಗಿ ಬೆಚ್ಚಗಾಗಿ ಇಳಿದುಹೋಗುತ್ತವೆ, ಕೆಲವು ಗಂಟಲಿಗೆ ಹೋಗಿ ಕೂತರೆ ಏಳುವುದಿಲ್ಲ. ಯಾವ ತಳಿಯಲ್ಲಿ ಯಾವುದರ ಪಾಲು ಎಷ್ಟು ಎನ್ನುವುದರ ಮೇಲೆ ಖಾರದ ನಡತೆ ಬದಲಾಗುತ್ತದೆ.

ಹೋಲಿಸಲು ಒಂದು ಅಳತೆಗೋಲು ಬೇಕು. ನನ್ನದು ಸೂಜಿಮೆಣಸು. ಕೆಲವರ ಮನೆಯಲ್ಲಿ ಜೀರಿಗೆ ಮೆಣಸು, ಘಟ್ಟದ ಕೆಳಗಿನವರಿಗೆ ಗಾಂಧಾರಿ. ನಮ್ಮ ತೋಟಗಳಲ್ಲಿ ಇದನ್ನು ಯಾರೂ ನೆಟ್ಟವರಿಲ್ಲ. ಪಿಕಳಾರ ಹಕ್ಕಿ ಹಣ್ಣು ತಿಂದು ಸಿಲ್ವರ್ ಓಕಿನ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ, ಅದರ ಬುಡದಲ್ಲಿ ಗಿಡ ಏಳುತ್ತದೆ. ಕಳೆ ತೆಗೆಯುವ ಹೆಂಗಸರೂ ಅದನ್ನು ಕಂಡರೆ ಕತ್ತಿ ಪಕ್ಕಕ್ಕೆ ಸರಿಸುತ್ತಾರೆ. ಹಕ್ಕಿಗೆ ಖಾರ ಹತ್ತುವುದಿಲ್ಲ. ನಮ್ಮ ನಾಲಗೆಯ ನರಗಳಲ್ಲಿ ಬಿಸಿ ತಿಳಿಸುವ ಒಂದು ಬಾಗಿಲಿದೆ, ಸುಮಾರು 43 ಡಿಗ್ರಿ ಶಾಖಕ್ಕೆ ಅದು ತೆರೆದುಕೊಳ್ಳುತ್ತದೆ. ಕ್ಯಾಪ್ಸೈಸಿನ್ ಆ ಬಾಗಿಲನ್ನು ಶಾಖವಿಲ್ಲದೆಯೇ ತೆರೆದುಬಿಡುತ್ತದೆ, ಮಿದುಳು ಬಾಯಿ ಸುಟ್ಟಿತೆಂದು ತಿಳಿಯುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಹಂಚಿಕೊಂಡರು. ಹಕ್ಕಿಗಳಲ್ಲೂ ಅದೇ ಬಾಗಿಲಿದೆ, ಆದರೆ ಕ್ಯಾಪ್ಸೈಸಿನ್ನಿನ ಕೀಲಿ ಅಲ್ಲಿ ತಿರುಗುವುದಿಲ್ಲ. ಇಲಿಗೆ ಹತ್ತುತ್ತದೆ, ನಮಗೆ ಹತ್ತುತ್ತದೆ. ಹಲ್ಲಿನಲ್ಲಿ ಅರೆದು ಬೀಜ ಹಾಳುಮಾಡುವವರನ್ನು ದೂರವಿಟ್ಟು, ಇಡಿಯಾಗಿ ನುಂಗಿ ದೂರ ಒಯ್ಯುವವರನ್ನು ಗಿಡ ಹತ್ತಿರ ಬಿಟ್ಟುಕೊಂಡಿದೆ.

ಸೂಜಿಮೆಣಸಿನ ಖಾರ ಹಲ್ಲು ಊರಿದ ಕೂಡಲೇ ನಾಲಗೆಯ ತುದಿಗೆ ಬರುತ್ತದೆ, ಚುಚ್ಚುತ್ತದೆ, ಮಜ್ಜಿಗೆ ಕುಡಿದರೆ ಹೊರಟುಹೋಗುತ್ತದೆ. ಪರಿಮಳ ಇಲ್ಲವೆಂದಲ್ಲ, ಹಸಿರು ವಾಸನೆ ತುಸು ಇದೆ, ಆದರೆ ಯಾರೂ ಅದಕ್ಕಾಗಿ ಅದನ್ನು ಬಳಸುವುದಿಲ್ಲ. ಕಂಚಿಕಾಯಿಯ ಉಪ್ಪಿನಕಾಯಿಗೆ, ಕಳಲೆಗೆ, ನೀರು ಮಜ್ಜಿಗೆಗೆ ಜಜ್ಜಿ ಹಾಕುವುದು ಖಾರಕ್ಕಾಗಿಯೇ. ಹಬನೇರೊ ಬೇರೆ ಜಾತಿ. ಅಮೆಜಾನ್ ಸೀಮೆಯಲ್ಲಿ ಪಳಗಿ ಕೆರಿಬಿಯನ್ ದ್ವೀಪಗಳಿಗೆ, ಮೆಕ್ಸಿಕೊದ ಯುಕಟಾನ್‌ಗೆ ಹರಡಿದ ಬಳಗ ಅದು. ಅದರ ಗುಣ ಮೊದಲು ಪರಿಮಳ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗಂಟಲಿನ ಹಿಂದಿನಿಂದ ಖಾರ. ಆ ನಡುವಿನ ಬಿಡುವೇ ಮೋಸ. ಏನೂ ಖಾರ ಇಲ್ಲವಲ್ಲ ಎಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡವರ ಮುಖವನ್ನು ಆಮೇಲೆ ನೋಡಬೇಕು.

ಇನ್ನು ಒಂದೊಂದಾಗಿ. ನನ್ನ ಹಿತ್ತಲಲ್ಲಿ ಬೆಳೆದದ್ದರಲ್ಲಿ ಕಿತ್ತಳೆ ಬಣ್ಣದ್ದೇ ಎಲ್ಲಕ್ಕಿಂತ ಪರಿಮಳದ್ದು. ಕುಯ್ದ ಕೂಡಲೇ ಅನಾನಸಿನ ಜೊತೆ ಕಿತ್ತಳೆ ಸಿಪ್ಪೆ ಹಿಂಡಿದ ವಾಸನೆ. ಅನಾನಸು, ಬಾಳೆಹಣ್ಣುಗಳಿಗೆ ವಾಸನೆ ಕೊಡುವುದು ಎಸ್ಟರ್ ಎಂಬ ರಾಸಾಯನಿಕ ಗುಂಪು, ಹಬನೇರೊದ ಪರಿಮಳದಲ್ಲೂ ಅದರದೇ ದೊಡ್ಡ ಪಾಲು. ಹಾಗಾಗಿ ಮೂಗು ತಪ್ಪು ಹೇಳುತ್ತಿಲ್ಲ. ಖಾರ ತಡೆದು ಬಂದರೂ ಬಂದ ಮೇಲೆ ಗಂಟಲು, ಕಿವಿಯ ಬುಡ, ನೆತ್ತಿ ಎಲ್ಲ ಬೆಚ್ಚಗಾಗುತ್ತದೆ, ಊಟ ಮುಗಿಯುವವರೆಗೂ ಇರುತ್ತದೆ. ಕೆಂಪು ಹಬನೇರೊ ನೋಡಲು ಚೆಂದ, ತಿನ್ನಲು ನನಗೆ ಅಷ್ಟಕ್ಕಷ್ಟೇ. ಪರಿಮಳ ಕಿತ್ತಳೆಯದಕ್ಕಿಂತ ಕಡಿಮೆ, ಕೊನೆಯಲ್ಲಿ ಒಂದು ಕಹಿ ಉಳಿಯುತ್ತದೆ. ಕೆಂಪಾದ್ದರಿಂದ ಖಾರ ಹೆಚ್ಚಿರಬೇಕು ಎಂದು ತುಂಬಾ ಜನ ನಂಬಿದ್ದಾರೆ. ಕರ್ನಾಟಕದವರು ಹೀಗೆ ನಂಬುವುದು ವಿಚಿತ್ರ. ಜಗತ್ತಿಗೇ ಕೆಂಪು ಬಣ್ಣ ಮಾರುವ ನಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರದಲ್ಲಿ ಸಾಧು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಹೆಸರಾಗಿರುವುದು ಬಣ್ಣಕ್ಕೆ. ಬಣ್ಣ ಬರುವುದು ಕೆರೊಟಿನಾಯ್ಡ್‌ಗಳಿಂದ, ಖಾರ ಬರುವುದು ಕ್ಯಾಪ್ಸೈಸಿನ್‌ನಿಂದ. ಎರಡಕ್ಕೂ ಗಿಡದೊಳಗೆ ಬೇರೆ ಬೇರೆ ಒಲೆ.

ಚಾಕೊಲೇಟ್ ಹಬನೇರೊ ಬಗ್ಗೆ ಹೆದರಿಕೆಯ ಕಥೆಗಳು ಬಹಳ. ಅದರ ಬಣ್ಣದ ಗುಟ್ಟು ಇಷ್ಟೇ: ಹಣ್ಣಾಗುವಾಗ ಹಸಿರಿನ ಪತ್ರಹರಿತ್ತು ಕರಗಿಹೋಗಬೇಕು, ಇದರಲ್ಲಿ ಅದು ಹೋಗದೆ ಉಳಿಯುತ್ತದೆ. ಹಸಿರಿನ ಮೇಲೆ ಕೆಂಪು ಕೂತು ಕಂದಾಗುತ್ತದೆ. ಖಾರ ಕಿತ್ತಳೆಯದಕ್ಕಿಂತ ತುಸು ಜೋರೇ, ಅದರಲ್ಲಿ ಅನುಮಾನವಿಲ್ಲ. ನನಗೆ ಮುಖ್ಯ ಅನಿಸುವುದು ಅದರ ರುಚಿ. ಹಣ್ಣಿನ ವಾಸನೆ ಹಿಂದೆ ಸರಿದು ಮಣ್ಣಿನ, ಹೊಗೆಯ ವಾಸನೆ ಮುಂದೆ ಬರುತ್ತದೆ. ಅಡುಗೆಮನೆಯ ಅಟ್ಟದಲ್ಲಿ ಕೆಲವು ದಿನ ಹೊಗೆ ಕುಡಿಸಿ ಒಣಗಿಸಿದರೆ ಇನ್ನೂ ಚೆನ್ನ. ಹಂದಿ ಮಾಂಸ ಮಾಡುವ ಮನೆಗಳಿಗೆ ನಾನು ಹೇಳುವುದು ಇದನ್ನೇ. ಸೂಜಿಮೆಣಸು ಅರೆಯುವ ಜಾಗದಲ್ಲಿ ಅರ್ಧ ಚಾಕೊಲೇಟ್ ಹಬನೇರೊ ಹಾಕಿ ನೋಡಿ. ಕಾಚಂಪುಳಿಯ ಹುಳಿಗೂ ಅದಕ್ಕೂ ಹೊಂದುತ್ತದೆ. ಬಿಳಿ ಹಬನೇರೊ ಇದಕ್ಕೆ ತದ್ವಿರುದ್ಧ. ಕಾಯಿ ಚಿಕ್ಕದು, ಬೆಣ್ಣೆಯ ಬಣ್ಣ, ಗಿಡ ಪೊದೆಯಾಗಿ ಮೈತುಂಬ ಬಿಡುತ್ತದೆ. ಬಣ್ಣ ನೋಡಿ ಸಪ್ಪೆ ಎಂದುಕೊಂಡು ಕಚ್ಚಿದವರುಂಟು. ಖಾರ ಕಿತ್ತಳೆಯದಕ್ಕಿಂತ ಬೇಗ ಬರುತ್ತದೆ, ಹೆಚ್ಚು ಮುಂದೆ ಬರುತ್ತದೆ, ನಡತೆಯಲ್ಲಿ ಸೂಜಿಮೆಣಸಿಗೆ ಹತ್ತಿರ. ನಿಂಬೆಯ ತೆಳು ಪರಿಮಳ. ತಂಬುಳಿಗೂ ಕಾಯಿ ಚಟ್ನಿಗೂ ಬಣ್ಣ ಕೆಡಿಸದೆ ಸೇರಿಕೊಳ್ಳುವುದರಿಂದ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಬೇಗ ಖರ್ಚಾಗುವುದು ಇದೇ.

ಭೂತ್ ಜೊಲೊಕಿಯಾ ಹಬನೇರೊ ಅಲ್ಲ. ಆದರೂ ಅದೇ ಬಳಗದ್ದು, ನಮ್ಮ ಸೂಜಿಮೆಣಸಿನ ಜಾತಿಯ ರಕ್ತವೂ ಅದರಲ್ಲಿ ಸ್ವಲ್ಪ ಬೆರೆತಿದೆಯೆಂದು ವಂಶವಾಹಿ ಪರೀಕ್ಷೆಯಲ್ಲಿ ಗೊತ್ತಾಗಿದೆ. ಇದರ ಹೆಸರು ಇಲ್ಲಿ ಬರಲು ಕಾರಣ ನಮ್ಮ ತೋಟಗಳ ಲೈನ್ ಮನೆಗಳು. ಈಗ ಕಾಫಿ ಕೊಯ್ಲಿಗೆ, ಚಿಗುರು ತೆಗೆಯಲು ಅಸ್ಸಾಮಿನಿಂದ ಬರುವವರೇ ಹೆಚ್ಚು. ಊರಿನಿಂದ ಬರುವಾಗ ಬಟ್ಟೆಯ ಗಂಟಿನಲ್ಲಿ ಒಣಗಿದ ಕಾಯಿ ತಂದು ಲೈನಿನ ಮುಂದೆ ಬೀಜ ಊರಿದ್ದಾರೆ. ನಮ್ಮ ಪಕ್ಕದ ತೋಟದಲ್ಲಿ ಅದನ್ನು ಬೆಳೆದಿರುವ ಹೆಂಗಸೊಬ್ಬರು ಊಟಕ್ಕೆ ಕೂತಾಗ ಕಾಯಿಯ ತುದಿಯನ್ನು ಉಗುರಿನಷ್ಟು ಮುರಿದು ಅನ್ನದ ಅಂಚಿಗೆ ಇಟ್ಟುಕೊಳ್ಳುತ್ತಾರೆ, ತುತ್ತು ಅದಕ್ಕೆ ಮುಟ್ಟಿಸಿ ಬಾಯಿಗೆ ಹಾಕುತ್ತಾರೆ. ಖಾರಕ್ಕಾಗಿಯೇ ಎಂದು ಕೇಳಿದರೆ, ಖಾರಕ್ಕೆ ಹಸಿಮೆಣಸು ಇದೆಯಲ್ಲ ಅಣ್ಣಾ, ಇದು ವಾಸನೆಗೆ ಎಂದರು. ಜಗತ್ತಿನ ದಾಖಲೆ ಪುಸ್ತಕದಲ್ಲಿ ಖಾರಕ್ಕೆ ಹೆಸರಾದ ಕಾಯನ್ನು ಅದು ಹುಟ್ಟಿದ ಊರಿನವರು ಹೀಗೆ ಬಳಸುತ್ತಾರೆ. ಹಸಿಯಾಗಿ ಕಚ್ಚಿ ಕಣ್ಣೀರು ಸುರಿಸುವ ಮೊಬೈಲ್ ವಿಡಿಯೊಗಳ ಶೂರರು ಇದನ್ನು ನೋಡಬೇಕಿತ್ತು. 2023ರಲ್ಲಿ ಪೆಪ್ಪರ್ ಎಕ್ಸ್ ಎಂಬ ತಳಿ 26,93,000 ಮುಟ್ಟಿತಂತೆ. ಅದರಲ್ಲಿ ಯಾರು ಏನು ಅಡುಗೆ ಮಾಡುತ್ತಾರೋ!

ಭೂತ್ ಜೊಲೊಕಿಯಾದ ಕಥೆಯಲ್ಲಿ ಬೆಳೆಗಾರರಿಗೆ ಬೇಕಾದ ಇನ್ನೊಂದು ಸಂಗತಿಯಿದೆ. ಅಸ್ಸಾಮಿನ ತೇಜ್‌ಪುರದಲ್ಲಿ ಬೆಳೆದ ಕಾಯನ್ನು ಒಣ ಹವೆಯ ಗ್ವಾಲಿಯರ್‌ನಲ್ಲಿ ಬೆಳೆದು ನೋಡಿದಾಗ ಖಾರ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇದನ್ನು ಅಳೆದದ್ದು ರಕ್ಷಣಾ ಇಲಾಖೆಯ ವಿಜ್ಞಾನಿಗಳು. ಇತ್ತ ಯುಕಟಾನ್‌ನಲ್ಲಿ ಹಬನೇರೊ ಗಿಡಕ್ಕೆ ನೀರು ಕಡಿಮೆ ಮಾಡಿದಾಗ ಖಾರ ಹೆಚ್ಚಿತು. ಒಂದಕ್ಕೊಂದು ಒಗ್ಗದ ಮಾತೆಂದು ಕಂಡರೂ ಎರಡೂ ನಿಜ. ಬಾಯಾರಿದ ಗಿಡ ಖಾರ ಕೂಡಿಡುತ್ತದೆ, ತನಗೆ ಆಗದ ಹವೆಯಲ್ಲಿ ನರಳುವ ಗಿಡಕ್ಕೆ ಆ ಶಕ್ತಿಯೂ ಇರುವುದಿಲ್ಲ. ಅತ್ತಿಗುಂಡಿಯಲ್ಲಿ ಇವೆರಡೂ ಒಂದೇ ವರ್ಷದಲ್ಲಿ ನಡೆಯುತ್ತವೆ. ಮಳೆಗಾಲದಲ್ಲಿ ಬಿಟ್ಟ ಕಾಯಿ ನೀರು ಕುಡಿದು ದಪ್ಪವಾಗಿ, ಖಾರವೂ ಇಲ್ಲದೆ ಪರಿಮಳವೂ ಇಲ್ಲದೆ ಇರುತ್ತದೆ. ಅದೇ ಗಿಡ ಮಳೆ ಹಿಂದಾಗಿ ಬಿಸಿಲು ಬಿದ್ದ ಮೇಲೆ ಬಿಟ್ಟ ಕಾಯನ್ನು ತಿಂದರೆ ಬೇರೆ ತಳಿಯೇ ಅನಿಸುತ್ತದೆ. ಕಿತ್ತಳೆಯದು ಖಾರವೋ ಚಾಕೊಲೇಟೋ ಎಂದು ಕೇಳುವವರು ಯಾವ ತಿಂಗಳಿನದು ಎಂದೂ ಹೇಳಬೇಕು.

ಬೆಳೆಸುವುದು ಕಷ್ಟವೇನಲ್ಲ, ತಾಳ್ಮೆ ಬೇಕು. ಬೀಜ ಮೊಳೆಯಲು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು, ಸಾವಿರ ಮೀಟರಿಗೂ ಮೇಲಿನ ನಮ್ಮ ಊರಲ್ಲಿ ಜನವರಿಯ ರಾತ್ರಿ ಅದು ಎಲ್ಲಿಂದ ಬರಬೇಕು? ಬಚ್ಚಲೊಲೆಯ ಹತ್ತಿರದ ಗೂಡಿನಲ್ಲಿ ಸಸಿಯ ತಟ್ಟೆ ಇಟ್ಟರೆ ಮೂರು ನಾಲ್ಕು ವಾರದಲ್ಲಿ ತಲೆ ಎತ್ತುತ್ತವೆ. ಹೂಮಳೆ ಬಿದ್ದಾಗ ಚೀಲಕ್ಕೆ ಹಾಕಿ. ಆರಿದ್ರಾ ಮಳೆ ಹಿಡಿಯುವ ಮೊದಲು ಚೀಲವನ್ನೇ ಎತ್ತಿ ಸೂರಿನಡಿ ತನ್ನಿ, ಇಲ್ಲದಿದ್ದರೆ ಸೊರಗು ರೋಗಕ್ಕೋ ಕಾಯಿಕೊಳೆಗೋ ಗಿಡವನ್ನು ಒಪ್ಪಿಸಿದಂತೆಯೇ. ಸಗಣಿ ಗೊಬ್ಬರದ ಜೊತೆ ಒಲೆಯ ಬೂದಿ ಸಾಕು, ಯೂರಿಯಾ ಹಾಕಿದರೆ ಎಲೆ ಮಾತ್ರ ಬರುತ್ತದೆ. ಬೇಸಿಗೆಯಲ್ಲಿ ಎಲೆ ಮುರುಟಿದರೆ ನುಸಿ ಬಂದಿದೆಯೆಂದು ತಿಳಿದು ಬೇವಿನೆಣ್ಣೆ ಹೊಡೆಯಿರಿ. ಕಾಫಿ ಕೊಯ್ಲಿನ ಹೊತ್ತಿಗೆ ಹಣ್ಣು ಸಿಗುತ್ತದೆ. ಚಳಿಯಲ್ಲಿ ನಿಧಾನ, ಗಿಡ ಕೀಳಬೇಡಿ, ಸವರಿ ಬಿಟ್ಟರೆ ಕೆಲವು ವರ್ಷ ಬಾಳುತ್ತದೆ.

ಕೆಲವರು ದೊಣ್ಣೆಮೆಣಸಿನ ಪಕ್ಕ ಹಬನೇರೊ ನೆಟ್ಟರೆ ದೊಣ್ಣೆಮೆಣಸೂ ಖಾರವಾಗುತ್ತದೆಯೇ ಎಂದು ಕೇಳಿದ್ದಾರೆ. ಈ ವರ್ಷ ಆಗುವುದಿಲ್ಲ. ಖಾರ ತಯಾರಾಗುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಬೀಜದಲ್ಲಿ ಖಾರವಿದೆ ಎನ್ನುವುದು ತಪ್ಪು ತಿಳಿವಳಿಕೆ, ಅದಕ್ಕೆ ದಿಂಡಿನಿಂದ ತಾಗಿದ ಖಾರವಷ್ಟೇ. ಆ ದಿಂಡು ತಾಯಿಗಿಡದ ಅಂಗ, ಯಾವ ಗಿಡದ ಪರಾಗ ಬಿದ್ದರೂ ಅದು ಬದಲಾಗದು. ಬದಲಾಗುವುದು ಒಳಗಿನ ಬೀಜ. ಅದನ್ನು ಮುಂದಿನ ವರ್ಷ ಬಿತ್ತಿದರೆ ಏನು ಬರುತ್ತದೆಂದು ದೇವರೇ ಬಲ್ಲ. ಮೆಣಸಿನ ಹೂವು ಹೆಚ್ಚಾಗಿ ತನ್ನಲ್ಲೇ ಕಟ್ಟಿಕೊಳ್ಳುವುದಾದರೂ ತುಡುವೆ ಜೇನು ಸುಮ್ಮನಿರಬೇಕಲ್ಲ. ತಳಿ ಉಳಿಸಬೇಕೆಂದರೆ ಮೊಗ್ಗಿನಲ್ಲೇ ಸೊಳ್ಳೆಪರದೆಯ ಚೂರನ್ನು ಚೀಲದಂತೆ ಕಟ್ಟಿ, ಕಾಯಿ ಕಟ್ಟಿದ ಮೇಲೆ ಬಿಚ್ಚಿ ದಾರದ ಗುರುತು ಹಾಕಿ.

ದಿಂಡಿನ ವಿಷಯ ಅಡುಗೆಗೂ ಬೇಕು. ಹಬನೇರೊದಲ್ಲಿ ಖಾರ ಹೆಚ್ಚಾಗಿ ದಿಂಡಿನಲ್ಲಿ, ಪರಿಮಳ ತಿರುಳಿನಲ್ಲಿ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಕಾಯಿ ಸೀಳಿ ಬಿಳಿ ದಿಂಡನ್ನೂ ಬೀಜವನ್ನೂ ಕೆರೆದು ತೆಗೆದರೆ ಖಾರ ಬಹುಪಾಲು ಇಳಿದು ಪರಿಮಳ ಉಳಿಯುತ್ತದೆ. ಮಕ್ಕಳಿರುವ ಮನೆಗೂ ಆಗುತ್ತದೆ. ಭೂತ್ ಜೊಲೊಕಿಯಾದಂಥ ಅತಿ ಖಾರದ ತಳಿಗಳಲ್ಲಿ ಈ ಉಪಾಯ ನಡೆಯುವುದಿಲ್ಲ, ಅವುಗಳಲ್ಲಿ ಖಾರದ ಗ್ರಂಥಿಗಳು ಕಾಯಿಯ ಒಳಗೋಡೆಗೂ ಹಬ್ಬಿರುತ್ತವೆ. ಎರಡನೆಯದು, ದಯವಿಟ್ಟು ಹಬನೇರೊವನ್ನು ಒಗ್ಗರಣೆಗೆ ಹಾಕಬೇಡಿ. ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡುತ್ತಾರೆ ಎನ್ನುವುದು ಒಂದು, ಕಾದ ಎಣ್ಣೆಗೆ ಪರಿಮಳ ಹಾರಿಹೋಗಿ ಖಾರ ಮಾತ್ರ ಉಳಿಯುತ್ತದೆ ಎನ್ನುವುದು ಇನ್ನೊಂದು. ಕ್ಯಾಪ್ಸೈಸಿನ್ ಬಿಸಿಗೆ ಜಗ್ಗುವುದಿಲ್ಲ, ಎಸ್ಟರ್‌ಗಳು ಆ ಬಿಸಿಗೆ ನಿಲ್ಲುವುದಿಲ್ಲ. ಖಾರವೊಂದೇ ಬೇಕಿದ್ದರೆ ಪಿಕಳಾರ ಬಿತ್ತಿದ ಸೂಜಿಮೆಣಸು ಪುಕ್ಕಟೆ ಇದೆ.

ಹಬನೇರೊಗೆ ಹುಳಿ ಬೇಕು. ಯುಕಟಾನ್‌ನವರು ಅದನ್ನು ಹಸಿಯಾಗಿ ಕೊಚ್ಚಿ, ಈರುಳ್ಳಿ ಟೊಮೆಟೊ ಜೊತೆ ಹುಳಿ ಕಿತ್ತಳೆಯ ರಸದಲ್ಲಿ ನೆನೆಸಿ ತಿನ್ನುತ್ತಾರೆ. ಹುಳಿ ಕಿತ್ತಳೆಗೆ ನಾವೆಲ್ಲಿಗೂ ಹೋಗಬೇಕಿಲ್ಲ, ಕಾಫಿ ತೋಟದ ಅಂಚಿನಲ್ಲಿ ಕಂಚಿ, ಹೇರಳೆ ಬಿದ್ದು ಹಾಳಾಗುತ್ತಿರುತ್ತವೆ. ಕಂಚಿರಸ, ಉಪ್ಪು, ಸಣ್ಣಗೆ ಹೆಚ್ಚಿದ ಕಿತ್ತಳೆ ಹಬನೇರೊ, ಒಂದು ಚಮಚ ಜೇನುತುಪ್ಪ. ಒಲೆಯ ಹತ್ತಿರ ಒಯ್ಯದೆ ಗಾಜಿನ ಬಾಟಲಿಗೆ ಹಾಕಿ ಮರುದಿನ ಕಡುಬಿನ ಜೊತೆಗೋ ಅಕ್ಕಿರೊಟ್ಟಿಯ ಜೊತೆಗೋ ಬಳಸಿ. ಖಾರ ಹತ್ತಿದರೆ ನೀರು ಕುಡಿಯಬೇಡಿ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಹಾಲು ಮೊಸರಿನ ಕೇಸೀನ್ ಎಂಬ ಪ್ರೊಟೀನು ಅದನ್ನು ಹಿಡಿದು ಒಯ್ಯುತ್ತದೆ.

ಖಾರವೇ ಇಲ್ಲದ ಹಬನೇರೊಗಳೂ ಬಂದಿವೆ. ನ್ಯೂ ಮೆಕ್ಸಿಕೊದವರು ನುಮೆಕ್ಸ್ ಸುವಾವೆ ಎಂಬುದನ್ನು, ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಮಜೂರೆಕ್ ಹಬನಾಡಾ ಎಂಬುದನ್ನು ಬೆಳೆಸಿದ್ದಾರೆ. ಪರಿಮಳ ಪೂರ್ತಿ, ಖಾರ ಸೊನ್ನೆಯ ಹತ್ತಿರ. ನನ್ನ ವಾದದ ಪ್ರಕಾರ ನಾನು ಇದನ್ನೇ ಮೆಚ್ಚಬೇಕು. ಆದರೆ ಮೆಣಸಿನಕಾಯಿ ತಿಂದು ಮೂಗಲ್ಲಿ ನೀರು ಬರದಿದ್ದರೆ ತಿಂದೆನೆಂದು ನಂಬಿಕೆಯೇ ಬರುವುದಿಲ್ಲ, ಅಷ್ಟರಮಟ್ಟಿಗೆ ನಾನೂ ಮಲೆನಾಡಿನವನು.

ಬೀಜ ಕೇಳಿ ಬರೆದವರಿಗೆ ಒಂದು ಮಾತು. ಬಿಳಿಯದು ಮತ್ತು ಚಾಕೊಲೇಟ್ ಎರಡಕ್ಕೂ ಪರದೆ ಕಟ್ಟಿ ಬೀಜ ತೆಗೆದಿಟ್ಟಿದ್ದೇನೆ, ಸ್ವವಿಳಾಸದ ಲಕೋಟೆ ಕಳಿಸಿದರೆ ಸಂಕ್ರಾಂತಿಯೊಳಗೆ ಕಳಿಸುತ್ತೇನೆ. ಒಂದೇ ಚೀಲಕ್ಕೆ ಜಾಗವಿರುವವರು ಬಿಳಿಯದನ್ನು ಕೇಳಿ. ಕಿತ್ತಳೆಯದು ಸದ್ಯಕ್ಕೆ ಇಲ್ಲ. ಅದರ ಪಕ್ಕದಲ್ಲೇ ಒಂದು ಸೂಜಿಮೆಣಸು ತಾನಾಗಿ ಎದ್ದು ಹೂ ಬಿಟ್ಟಿತ್ತು, ಹಾಗಾಗಿ ಈ ಸಲದ ಬೀಜದ ಕುಲಗೋತ್ರ ನನಗೆ ಗೊತ್ತಿಲ್ಲ.